ಮೂರು ವರ್ಷ ಕಬ್ಬಿಣ ಬಗ್ಗಿಸಿದ ಮೇಲೆ: 6 ಎಂಎಂನಿಂದ 8 ಎಂಎಂವರೆಗೆ

ಕಬ್ಬಿಣದ ಸರಳನ್ನು ಕೈಯಿಂದಲೇ ಬಗ್ಗಿಸಿ ಬಲ ಬೆಳೆಸಿಕೊಳ್ಳುವುದು ನನ್ನ ಹವ್ಯಾಸ. ಮೂರು ವರ್ಷದ ಕೆಳಗೆ ಬೆಂಗಳೂರಿನ ಪೀಣ್ಯದ ಒಂದು ಕಬ್ಬಿಣದ ಅಂಗಡಿಗೆ ಹೋಗಿ, 6 ಎಂಎಂ ಸರಳನ್ನು 18 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ ಕೊಡಿ ಅಂದೆ.

"ಇಷ್ಟು ಚಿಕ್ಕ ಪೀಸು ಯಾವುದಕ್ಕೆ ಸರ್?"

"ಕೈಯಲ್ಲಿ ಬಗ್ಗಿಸೋಕೆ."

"ಬಗ್ಗಿಸಿಯೇ ಕೊಡ್ತೀನಿ ಬಿಡಿ, ಮಿಷಿನ್ ಇದೆ" ಅಂದರು.

ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಬಗ್ಗಿಸುವ ಸರಳುಗಳ ಒಂದು ಸೆಟ್ ತರಿಸಿದ್ದೆ. ಬಣ್ಣ ಬಳಿದು ಸುಲಭ, ಮಧ್ಯಮ, ಕಷ್ಟ ಅಂತ ವಿಂಗಡಿಸಿದ್ದರು. ಒಂದೇ ಬಣ್ಣದ ಎರಡು ಸರಳಲ್ಲಿ ಒಂದು ಸಲೀಸಾಗಿ ಬಗ್ಗಿತು, ಇನ್ನೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಟ್ಟಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಗಡಿಯ 6 ಎಂಎಂ ಸರಳು ಮೀಟರಿಗೆ ಸುಮಾರು 222 ಗ್ರಾಂ ತೂಗುತ್ತದೆ. ಕೆಜಿಗೆ 25 ತುಂಡು ಸಿಗುತ್ತವೆ. ಕಟಿಂಗ್ ಸೇರಿಸಿದರೂ ಒಂದು ತುಂಡಿಗೆ ಒಂದು ಟೀ ದುಡ್ಡು ಆಗಲಿಲ್ಲ.

ಆದರೆ ಕೊಳ್ಳುವಾಗ ಹುಷಾರು. 8 ಎಂಎಂ ಅಂದರೆ ಎಲ್ಲ ಒಂದೇ ಅಲ್ಲ. ಕಪ್ಪು ಮೈಯ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಸರಳು ಕಾಯಿಸಿ ರೋಲರಿನಲ್ಲಿ ಒತ್ತಿ ತೆಗೆದದ್ದು, ಮೆತ್ತಗೆ. ಫಳಫಳ ಹೊಳೆಯುವ ಬ್ರೈಟ್ ಬಾರ್ ತಣ್ಣಗಿದ್ದಾಗಲೇ ಎಳೆದದ್ದು, ಅದೇ ದಪ್ಪಕ್ಕೆ ತುಂಬಾ ಗಟ್ಟಿ. ನನ್ನ ಸೆಟ್ಟಿನಲ್ಲಿ ಎರಡನ್ನೂ ಬೆರೆಸಿ ಮೇಲೆ ಒಂದೇ ಬಣ್ಣ ಹೊಡೆದಿದ್ದರು ಅನಿಸುತ್ತದೆ. ಮನೆ ಕಟ್ಟುವ ಟಿಎಂಟಿ ಕಂಬಿಯಂತೂ ಬೇಡವೇ ಬೇಡ. ಅದರ ಗೆರೆಗಳು ಅಂಗೈ ಕಿತ್ತುಬಿಡುತ್ತವೆ.

ಇನ್ನೊಂದು ಲೆಕ್ಕ ನನಗೆ ತಡವಾಗಿ ತಿಳಿಯಿತು. ಬಗ್ಗಿಸಲು ಬೇಕಾದ ಬಲ ದಪ್ಪದ ಘನದಷ್ಟು ಏರುತ್ತದೆ. 6ರ ಘನ 216, 8ರ ಘನ 512. ಎರಡೇ ಎರಡು ಎಂಎಂ ಜಾಸ್ತಿ, ಶ್ರಮ ಎರಡೂಕಾಲು ಪಟ್ಟಿಗಿಂತ ಜಾಸ್ತಿ! ನಾನು ಒಂದೇ ನೆಗೆತಕ್ಕೆ 8ಕ್ಕೆ ಹಾರಿ ಬಲಗೈ ಮಣಿಕಟ್ಟು ಕೆಡಿಸಿಕೊಂಡೆ. ಮೂರು ತಿಂಗಳು ನೀರಿನ ಬಕೆಟ್ ಎತ್ತಲೂ ಆಗಲಿಲ್ಲ. ತಿಂಡಿ ಬಡಿಸುವಾಗೆಲ್ಲ ಅಮ್ಮ, "ಕಬ್ಬಿಣ ಬಗ್ಗಲಿಲ್ಲ, ಕೈ ಬಗ್ಗಿತು ನೋಡು" ಅನ್ನುತ್ತಿದ್ದರು. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ನಾರಿಗೆ ಜಾಸ್ತಿ ಕಾಲ ಬೇಕು. ಈಗ ಉದ್ದ ಕಡಿಮೆ ಮಾಡುತ್ತಾ ಹೋಗುತ್ತೇನೆ. ಅದೇ 6 ಎಂಎಂ, 18ರ ಬದಲು 15 ಸೆಂಟಿಮೀಟರ್ ಮಾಡಿದರೆ ಕೈಗೆ ಸನ್ನೆಬಲ ಕಡಿಮೆಯಾಗಿ ಗಟ್ಟಿಯಾಗುತ್ತದೆ. ವಾರಕ್ಕೆ ಎರಡು ದಿನ, ದಿನಕ್ಕೆ ಐದಾರು ತುಂಡು, ಅಷ್ಟೇ.

ದುಡ್ಡು ಹಾಕುವುದಾದರೆ ಕೈಗೆ ಸುತ್ತುವ ಚರ್ಮಕ್ಕೆ ಹಾಕಿ. ಮೊದಲು ಟವೆಲ್ ಸುತ್ತುತ್ತಿದ್ದೆ. ಸರಳಿನ ತುದಿ ಅದನ್ನು ತೂರಿ ಅಂಗೈಗೇ ನಾಟುತ್ತಿತ್ತು. ಆಮೇಲೆ ವೆಲ್ಡಿಂಗ್ ಗ್ಲೌಸ್ ಕತ್ತರಿಸಿ ಎರಡು ಪಟ್ಟಿ ಮಾಡಿಕೊಂಡೆ, ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಎರಡು ವರ್ಷದಿಂದ ಅದೇ ಪಟ್ಟಿ. ತುದಿಗಳನ್ನು ಅರದಿಂದ ಉಜ್ಜಿ ಮೊಂಡು ಮಾಡುವುದು ಮರೆಯಬೇಡಿ.

ನಾನು ಸರಳು ಹಿಡಿಯುವುದು ಗದ್ದದ ಕೆಳಗೆ, ಎರಡೂ ಅಂಗೈ ಕೆಳಮುಖ. ಮೊದಲ ಬಾಗು ಬೀಳುವವರೆಗೆ ನರಕ. ಆಮೇಲೆ ಲಂಬಕೋನದವರೆಗೆ ಸಲೀಸು. ಕೊನೆಗೆ ಎರಡು ತುದಿಯನ್ನೂ ಒತ್ತಿ ಹತ್ತಿರ ತರುವಾಗ ಎದೆ ಉರಿಯುತ್ತದೆ. ಮುಗಿದ ತಕ್ಷಣ ಬಾಗಿದ ಜಾಗ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಆ ಬಿಸಿಗೇ ನಾನು ಮರುಳಾದದ್ದು. ಉಸಿರು ಬಿಗಿಹಿಡಿಯುವ ಕೆಲಸ ಇದು. ಬಿಪಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಬಗ್ಗದ ಸರಳೂ ದಂಡ ಅಲ್ಲ. ಮೊದಲನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿದ್ದ ಅಲೆಕ್ಸಾಂಡರ್ ಝಾಸ್ ಅನ್ನುವ ಪೈಲ್ವಾನ್, ಸರಪಳಿ, ಸರಳುಗಳನ್ನು ಸುಮ್ನೆ ಎಳೆದೆಳೆದೇ ಬಲ ಬೆಳೆಸಿಕೊಂಡನಂತೆ.

ತೋಳಿನ ಗಾತ್ರ ಹೆಚ್ಚೇನೂ ಬದಲಾಗಲಿಲ್ಲ, ಫೋಟೋ ಹಾಕಿಕೊಳ್ಳೋಣ ಅಂತ ಬರುವವರಿಗೆ ಇದು ಬೇಡ. ಹಿಡಿತ ಮಾತ್ರ ಬೇರೆಯೇ ಆಗಿದೆ. ಕಪ್ಪು ಸರಳಲ್ಲಿ 8 ಎಂಎಂ ಈ ವರ್ಷ ಕೈಗೆ ಬಂತು. ಅಮೆರಿಕದ ಐರನ್‌ಮೈಂಡ್ ಕಂಪನಿಯ ರೆಡ್ ನೇಲ್ ಅನ್ನುವ, ಬಗ್ಗಿಸುವವರ ಬಲ ಪರೀಕ್ಷಿಸುವ ಸರಳು ಇದೇ ಸುಮಾರು ದಪ್ಪದ್ದು, 7 ಇಂಚು ಉದ್ದ. ಆದರೆ ಅದು ತಣ್ಣಗೆ ಎಳೆದ ಉಕ್ಕು, ನನಗಿನ್ನೂ ದೂರ.

ಬಗ್ಗಿಸಿದ ತುಂಡುಗಳು ಒಂದು ಗೋಣಿ ತುಂಬಿದ್ದವು. ಹೋದ ತಿಂಗಳು ಗುಜರಿಯವರು ಕೆಜಿ ಲೆಕ್ಕದಲ್ಲಿ ತಗೊಂಡು ಹೋದರು. ಮೊದಲನೆಯ ತುಂಡನ್ನು ಮಾತ್ರ ಕೊಡಲಿಲ್ಲ, ಅಡುಗೆಮನೆಯಲ್ಲಿ ಅಮ್ಮ ಅದಕ್ಕೆ ಸೌಟು ನೇತುಹಾಕಿದ್ದಾರೆ.