ಎರಡು ಹಾಡು, ಮೂರು ಎಡಿಟರ್: ಎಎಂವಿ ಕಟ್ಟಲು ಯಾವುದು ಒದಗಿತು?

ಎಎಂವಿಗೆ, ಅಂದರೆ ಅನಿಮೆ ಮ್ಯೂಸಿಕ್ ವಿಡಿಯೊಗೆ, ಯಾವ ಎಡಿಟರ್ ಒಳ್ಳೆಯದು ಎಂದು ಹುಡುಕಿದರೆ ಸಿಗುವ ಹೋಲಿಕೆಗಳೆಲ್ಲ ಎಫೆಕ್ಟ್‌ಗಳ ಸುತ್ತಲೇ ಗಿರಕಿ ಹೊಡೆಯುತ್ತವೆ. ಯಾವುದರಲ್ಲಿ ಶೇಕ್ ಚೆನ್ನಾಗಿದೆ, ಯಾವುದರಲ್ಲಿ ಗ್ಲೋ ಚೆನ್ನಾಗಿದೆ, ಇಷ್ಟೇ. ಜಪಾನಿ ಅನಿಮೆಯ ದೃಶ್ಯಗಳನ್ನು ಕತ್ತರಿಸಿ ಬೇರೆ ಹಾಡಿಗೆ ಕೂರಿಸುವ ಈ ಕೆಲಸಕ್ಕೆ ಕೈಹಾಕಿದವರಿಗೆ ಗೊತ್ತು, ಹೊತ್ತು ತಿನ್ನುವುದು ಎಫೆಕ್ಟ್ ಅಲ್ಲ, ಹುಡುಕಾಟ. 26 ಕಂತುಗಳ ಒಂದು ಸರಣಿ ಎಂದರೆ, ಕಂತಿಗೆ 22 ನಿಮಿಷದಂತೆ, ಒಂಬತ್ತೂವರೆ ಗಂಟೆಯ ಸರಕು. ಹಾಡು 3 ನಿಮಿಷದ್ದು. ಎರಡು ಸೆಕೆಂಡಿಗೊಂದು ಕಟ್ ಎಂದಿಟ್ಟುಕೊಂಡರೂ 90 ತುಣುಕು ಬೇಕು. ಆ ತೊಂಬತ್ತನ್ನು ಹೆಕ್ಕಿ ತೆಗೆಯುವುದರಲ್ಲೇ ವಿಡಿಯೊದ ಹಣೆಬರಹ ತೀರ್ಮಾನವಾಗಿಬಿಡುತ್ತದೆ.

1982ರಲ್ಲಿ ಅಮೆರಿಕದ ಜಿಮ್ ಕಪೋಸ್ಟಾಸ್ ಎರಡು ವಿಸಿಆರ್‌ಗಳನ್ನು ಜೋಡಿಸಿಕೊಂಡು 'ಸ್ಟಾರ್ ಬ್ಲೇಜರ್ಸ್' ಎಂಬ ಅನಿಮೆ ಸರಣಿಯ ಹೊಡೆದಾಟದ ದೃಶ್ಯಗಳನ್ನೇ ಆರಿಸಿ ಬೀಟಲ್ಸ್ ತಂಡದ ಪ್ರೇಮಗೀತೆಯೊಂದಕ್ಕೆ ಹೊಂದಿಸಿದರು. ಮೊದಲ ಎಎಂವಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. ಎಫೆಕ್ಟ್ ಹಾಕೋಣವೆಂದರೂ ಅವರ ಬಳಿ ಏನೂ ಇರಲಿಲ್ಲ. ತಮಾಷೆ ಇದ್ದದ್ದು ಪೂರ್ತಿ ಆಯ್ಕೆಯಲ್ಲಿ. ಹಾಗಾಗಿ ನಾನು ಈ ಎಡಿಟರ್‌ಗಳಿಗೆ ಅಂಕ ಕೊಟ್ಟದ್ದು ಹುಡುಕಾಟ ಮೊದಲು, ಫ್ರೇಮ್ ಲೆಕ್ಕ ಆಮೇಲೆ, ಬೆಡಗು ಕೊನೆಗೆ ಎಂಬ ಕ್ರಮದಲ್ಲಿ.

ಕಣದಲ್ಲಿದ್ದವು ಮೂರು: ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಫೋನಿನಲ್ಲಿ ಅಲೈಟ್ ಮೋಷನ್. ಆಫ್ಟರ್ ಎಫೆಕ್ಟ್ಸ್ ಯಾಕಿಲ್ಲ ಎಂದರೆ, ಅದು ದೃಶ್ಯದ ಮೇಲೆ ದೃಶ್ಯ ಹೊದಿಸುವ ಸಾಧನ. ಒಂಬತ್ತು ಗಂಟೆಯ ಸರಕನ್ನು ಜಾಲಾಡುವುದಕ್ಕೆ ಹುಟ್ಟಿದ್ದಲ್ಲ, ಮೇಲೆ ಚಂದಾ ಬೇರೆ. ಹಾಡುಗಳು ಎರಡು. ಒಂದು ನಿಮಿಷಕ್ಕೆ 128 ಬೀಟ್‌ನ ಎಲೆಕ್ಟ್ರಾನಿಕ್ ಹಾಡು. ಇನ್ನೊಂದು ಏಕತಾರಿ, ದಮ್ಮಡಿ ಇಟ್ಟುಕೊಂಡು ಹಾಡಿದ ತತ್ವಪದ. ನಿಧಾನವಾಗಿ ಶುರುವಾಗಿ ಕೊನೆಗೆ ಬರುವಷ್ಟರಲ್ಲಿ ಗತಿ ಏರಿರುತ್ತದೆ. ಎರಡನೆಯದನ್ನು ಬೇಕೆಂದೇ ಇಟ್ಟೆ, ಕಾರಣ ಮುಂದೆ ಬರುತ್ತದೆ.

ಹುಡುಕಾಟದ ವಿಷಯಕ್ಕೆ ಬರೋಣ. ಕೆಡೆನ್‌ಲೈವ್ ಮತ್ತು ರಿಸಾಲ್ವ್ ಎರಡರಲ್ಲೂ ಒಂದು ಕಂತನ್ನು ಕೊಟ್ಟರೆ ಶಾಟ್ ಬದಲಾಗುವ ಜಾಗಗಳನ್ನು ತಾನೇ ಪತ್ತೆ ಹಚ್ಚಿ ತುಣುಕು ಮಾಡಿಕೊಡುವ ಸೌಲಭ್ಯ ಇದೆ. ಅನಿಮೆಯ ಮಟ್ಟಿಗೆ ಎರಡೂ ಎಡವುವುದು ಒಂದೇ ಕಡೆ: ಏಟು ಬಿದ್ದಾಗ ಪರದೆ ಬೆಳ್ಳಗೆ ಮಿನುಗುತ್ತದಲ್ಲ, ಅದನ್ನು ಹೊಸ ಶಾಟ್ ಎಂದು ಎಣಿಸುತ್ತವೆ. ಒಂದು ದೃಶ್ಯ ಇನ್ನೊಂದರಲ್ಲಿ ಮೆಲ್ಲಗೆ ಕರಗಿದರೆ ಕಾಣುವುದೇ ಇಲ್ಲ. ರಿಸಾಲ್ವ್‌ನಲ್ಲಿ ಪ್ರತಿ ಬದಲಾವಣೆ ಎಷ್ಟು ದೊಡ್ಡದೆಂಬ ಗೆರೆಗಳು ಕಣ್ಣೆದುರೇ ಇರುತ್ತವೆ. ಮಿತಿಯ ಗೆರೆಯನ್ನು ಮೇಲೆ ಕೆಳಗೆ ಎಳೆದು, ತಪ್ಪು ಕಟ್‌ಗಳನ್ನು ಅಲ್ಲೇ ಅಳಿಸಿ ಮುಂದೆ ಹೋಗಬಹುದು. ಕೆಡೆನ್‌ಲೈವ್‌ನಲ್ಲಿ ಸಂಖ್ಯೆ ಕೊಟ್ಟು ಓಡಿಸಬೇಕು, ಸರಿಬರದಿದ್ದರೆ ಸಂಖ್ಯೆ ಬದಲಿಸಿ ಮತ್ತೆ ಓಡಿಸಬೇಕು.

ಆದರೆ ತುಣುಕಾದ ಮೇಲಿನದು ಇನ್ನೂ ಮುಖ್ಯ. ಪಾತ್ರದ ಹೆಸರಿನಲ್ಲಿ ವಿಂಗಡಿಸಿ ಪ್ರಯೋಜನವಿಲ್ಲ, ಚಲನೆಯ ಹೆಸರಿನಲ್ಲಿ ವಿಂಗಡಿಸಬೇಕು. ಎಡಕ್ಕೆ ಓಟ, ತಲೆ ತಿರುಗಿಸುವುದು, ಕಣ್ಣು ಮುಚ್ಚುವುದು, ಕ್ಯಾಮೆರಾ ಮೇಲೇರುವುದು, ಹೀಗೆ. ಎಡಕ್ಕೆ ಬೀಸಿದ ಕತ್ತಿಯ ಹಿಂದೆ ಎಡಕ್ಕೆ ಹೊರಟ ರೈಲು ಬಂದರೆ ಕಣ್ಣಿಗೆ ಕಟ್ ತಿಳಿಯುವುದಿಲ್ಲ. ಎಎಂವಿ ಮಾಡುವವರು 'ಫ್ಲೋ' ಎನ್ನುವುದು ಇದಕ್ಕೇ. ರಿಸಾಲ್ವ್‌ನಲ್ಲಿ ತುಣುಕಿಗೆ ಕೀವರ್ಡ್ ಬರೆದು, 'ಎಡಕ್ಕೆ' ಮತ್ತು 'ವೇಗ' ಎರಡೂ ಇರುವುದೆಲ್ಲ ಸ್ಮಾರ್ಟ್ ಬಿನ್ ಎಂಬ ಒಂದು ಫೋಲ್ಡರಿಗೆ ತಾನಾಗಿ ಬಂದು ಬೀಳಲಿ ಎಂದು ನಿಯಮ ಇಡಬಹುದು. ಕೆಡೆನ್‌ಲೈವ್‌ನಲ್ಲಿ ಬಣ್ಣದ ಟ್ಯಾಗ್, ನಕ್ಷತ್ರ, ಸೋಸುವ ವ್ಯವಸ್ಥೆ ಇದೆ, ಸಣ್ಣ ಸರಣಿಗೆ ಸಾಕು. 26 ಕಂತು ತುಂಬಿದ ಮೇಲೆ ಬಣ್ಣಗಳು ಸಾಲುವುದಿಲ್ಲ. ಅಲೈಟ್ ಮೋಷನ್ ಈ ಸುತ್ತಿಗೇ ಬರಲಿಲ್ಲ. ಆರಿಸಿಟ್ಟ ನಾಲ್ಕು ತುಣುಕು ತಂದುಕೊಟ್ಟರೆ ಮಾತ್ರ ಅದು ಕೆಲಸಕ್ಕಿಳಿಯುತ್ತದೆ.

ಇಲ್ಲಿ ಒಂದು ಹಾರ್ಡ್‌ಡಿಸ್ಕ್ ಲೆಕ್ಕವೂ ಸೇರುತ್ತದೆ. ಕಂತುಗಳು ಸಾಮಾನ್ಯವಾಗಿ ಎಚ್.264 ಎಂಬ ಬಗೆಯಲ್ಲಿ ಕುಗ್ಗಿಸಿದ ಕಡತಗಳು. ಅದರಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು ಫ್ರೇಮಿನಲ್ಲಿ, ಉಳಿದವೆಲ್ಲ ಅಕ್ಕಪಕ್ಕದವುಗಳಿಂದ ಆದ ವ್ಯತ್ಯಾಸ ಅಷ್ಟೆ. ಅಂಥ ಕಡತ ತಯಾರಿಸುವ ಎಕ್ಸ್264 ಎನ್‌ಕೋಡರನ್ನು ಅದರ ಪಾಡಿಗೆ ಬಿಟ್ಟರೆ 250 ಫ್ರೇಮಿನವರೆಗೂ ಹೊಸ ಪೂರ್ಣ ಚಿತ್ರ ಇಡದೆ ಹೋಗಬಹುದು, ಅಂದರೆ ಹತ್ತು ಸೆಕೆಂಡಿನ ಮೇಲೆ. ಟೈಮ್‌ಲೈನಿನಲ್ಲಿ ಹಿಂದೆ ಎಳೆದಾಗ ಚಿತ್ರ ತಡವರಿಸುವುದು ಇದರಿಂದ. ಪ್ರತಿ ಫ್ರೇಮೂ ಪೂರ್ತಿ ಇರುವ ಡಿಎನ್‌ಎಕ್ಸ್‌ಎಚ್‌ಡಿ ಎಂಬ ಬಗೆಗೆ ಬದಲಿಸಿದರೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡುತ್ತದೆ, ಆದರೆ ಅದರ ಹಗುರ ಬಗೆಗೇ ಸೆಕೆಂಡಿಗೆ 36 ಮೆಗಾಬಿಟ್. ಒಂಬತ್ತೂವರೆ ಗಂಟೆಗೆ ಸುಮಾರು 150 ಜಿಬಿ! ಪ್ರಾಕ್ಸಿಯಲ್ಲಿ, ಅಂದರೆ ಎಡಿಟ್ ಮಾಡುವಾಗ ಮಾತ್ರ ಬಳಸುವ ಹಗುರ ನಕಲಿನಲ್ಲಿ, ಅಳತೆ ತಗ್ಗಿಸಿಕೊಂಡರೆ ಭಾರ ಇಳಿಯುತ್ತದೆ, ಅದು ಎರಡರಲ್ಲೂ ಇದೆ. ಲಿನಕ್ಸ್‌ನವರು ಒಂದು ಗಮನಿಸಿ: ಅಲ್ಲಿ ಉಚಿತ ರಿಸಾಲ್ವ್ ಎಚ್.264 ತೆರೆಯುವುದೇ ಇಲ್ಲ, ಬದಲಿಸಿಕೊಂಡೇ ಒಳಗೆ ತರಬೇಕು. ಬಹುತೇಕ ಎಲ್ಲ ಬಗೆಯ ವಿಡಿಯೊ ಓದಿ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದ ಮೇಲೆ ನಿಂತ ಕೆಡೆನ್‌ಲೈವ್‌ಗೆ ಆ ತಕರಾರಿಲ್ಲ, ಕೊಟ್ಟದ್ದನ್ನು ತೆರೆಯುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ರಿಸಾಲ್ವ್‌ಗೆ ಗಟ್ಟಿಯಾದ ಗ್ರಾಫಿಕ್ಸ್ ಬಲ ಬೇಕು.

ಮುಂದಿನದು ಫ್ರೇಮ್ ದರ. ಅನಿಮೆ ಸೆಕೆಂಡಿಗೆ 23.976 ಫ್ರೇಮಿನದು. ಪಾತ್ರಗಳ ಚಿತ್ರ ಮಾತ್ರ ಎರಡು ಮೂರು ಫ್ರೇಮಿಗೊಮ್ಮೆ ಬದಲಾಗುತ್ತದೆ. ಆದರೆ ಹಿನ್ನೆಲೆ ಸರಿಯುವ ಕ್ಯಾಮೆರಾ ಚಲನೆ ಹೆಚ್ಚಾಗಿ ಪ್ರತಿ ಫ್ರೇಮಿಗೂ ನಡೆಯುತ್ತದೆ. ಇದನ್ನು 30 ಫ್ರೇಮಿನ ಪ್ರಾಜೆಕ್ಟಿಗೆ ಹಾಕಿದರೆ ನಾಲ್ಕು ಫ್ರೇಮಿಗೆ ಒಂದು ಎರಡೆರಡು ಸಲ ಬರುತ್ತದೆ. ಪಾತ್ರ ಮಾತಾಡುವಾಗ ಗೊತ್ತೇ ಆಗುವುದಿಲ್ಲ, ಆಕಾಶ ಸರಿಯುವಾಗ ಕುಲುಕು ಎದ್ದು ಕಾಣುತ್ತದೆ. ಫೋನಿನಲ್ಲಿ ಮಾಡಿದ ಎಷ್ಟೋ ಎಡಿಟ್‌ಗಳು ಕುಂಟುವುದು ಇಲ್ಲೇ. ರಿಸಾಲ್ವ್‌ನಲ್ಲಿ ಮೊದಲ ಕ್ಲಿಪ್ ಹಾಕುವ ಮುಂಚೆಯೇ 23.976 ಎಂದು ಆರಿಸಿಬಿಡಬೇಕು, ಆಮೇಲೆ ಆ ಟೈಮ್‌ಲೈನಿನ ದರ ಬದಲಿಸಲು ಬಿಡುವುದಿಲ್ಲ. ಕೆಡೆನ್‌ಲೈವ್‌ನಲ್ಲಿ ಪ್ರೊಫೈಲ್ ಪಟ್ಟಿಯಲ್ಲೇ 23.98 ಇದೆ. ಹಳೆಯ ಡಿವಿಡಿ ಸರಕಾದರೆ 29.97ಕ್ಕೆ ಹಿಗ್ಗಿಸಿ ಗೆರೆ ಗೆರೆಯಾಗಿ ಹೆಣೆದಿರುತ್ತಾರೆ. ಅದನ್ನು ಬಿಡಿಸುವ ಕೆಲಸಕ್ಕೆ ಇವ್ಯಾವುದನ್ನೂ ನಂಬದೆ ಎಫ್‌ಎಫ್‌ಎಂಪೆಗ್‌ನ ಫೀಲ್ಡ್‌ಮ್ಯಾಚ್, ಡೆಸಿಮೇಟ್ ಫಿಲ್ಟರ್‌ಗಳಿಗೆ ಕೊಟ್ಟು ಆಮೇಲೆ ತನ್ನಿ.

ಬೀಟ್ ಗುರುತಿಸುವುದರಲ್ಲಿ ಮೂರೂ ಹತ್ತಿರ ಹತ್ತಿರ. ರಿಸಾಲ್ವ್‌ನಲ್ಲಿ ಹಾಡು ಓಡುತ್ತಿರುವಾಗಲೇ ಎಂ ಕೀ, ಕೆಡೆನ್‌ಲೈವ್‌ನಲ್ಲಿ ಜಿ ಕೀ ಬಡಿಯುತ್ತಾ ಹೋಗಬಹುದು. ಅಲೈಟ್ ಮೋಷನ್‌ನಲ್ಲಿ ಬುಕ್‌ಮಾರ್ಕ್ ಇದೆ. ಒಂದು ಬೀಟಿನ ಅಂತರ ಅಳೆದು ಅದನ್ನೇ ನಕಲು ಮಾಡುತ್ತಾ ಹೋಗುವವರಿಗೆ ಮಾತ್ರ ಒಂದು ಎಚ್ಚರಿಕೆ. 128ರ ಗತಿಯಲ್ಲಿ ಒಂದು ಬೀಟ್ ಎಂದರೆ 11.24 ಫ್ರೇಮ್. 11 ಎಂದು ಹಿಡಿದರೆ ನಾಲ್ಕು ಬೀಟಿಗೆ ಹೆಚ್ಚುಕಡಿಮೆ ಒಂದು ಫ್ರೇಮ್ ಜಾರುತ್ತದೆ, ಹದಿನಾರಕ್ಕೆ ನಾಲ್ಕು. ತತ್ವಪದದಲ್ಲಂತೂ ಅಂತರವೇ ಸ್ಥಿರವಿಲ್ಲ, ಕಿವಿಗೆ ಕೇಳಿದಂತೆ ಬೆರಳು ಬಡಿಯುವುದೊಂದೇ ದಾರಿ. ಆ ಕೆಲಸಕ್ಕೆ ಕೀಬೋರ್ಡಿನ ಮುಂದೆ ಫೋನಿನ ಗಾಜು ನಿಲ್ಲುವುದಿಲ್ಲ. ದಮ್ಮಡಿಯ ಏಟಿಗೆ ಸರಿಯಾಗಿ ಕಟ್ ಬಿದ್ದರೆ ನನ್ನ ಕಣ್ಣಿಗೆ ತುಸು ತಡವಾದಂತೆ ಕಾಣುತ್ತಿತ್ತು. ಒಂದು ಫ್ರೇಮ್ ಮುಂಚೆ ಇಟ್ಟರೆ ಕೂತುಕೊಂಡಿತು.

ತುಟಿ ಹೊಂದಿಸುವುದು ಅಂದುಕೊಂಡದ್ದಕ್ಕಿಂತ ಸಲೀಸು. ಟಿವಿ ಅನಿಮೆಯಲ್ಲಿ ಬಾಯಿಗೆ ಸಾಮಾನ್ಯವಾಗಿ ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಕನ್ನಡದ ಸಾಲುಗಳು ಸ್ವರದಲ್ಲಿ ಮುಗಿಯುವುದು ಹೆಚ್ಚಾದ್ದರಿಂದ ಕೊನೆಯ ಎಳೆತಕ್ಕೆ ತೆರೆದ ಬಾಯಿಯ ಫ್ರೇಮೊಂದನ್ನು ಹಿಡಿದಿಟ್ಟರೆ ಪಾತ್ರವೇ ಹಾಡಿದಂತೆ ಕಾಣುತ್ತದೆ. ಫ್ರೇಮ್ ಹಿಡಿದಿಡುವ ಕೆಲಸ ಎರಡೂ ಡೆಸ್ಕ್‌ಟಾಪ್ ಎಡಿಟರ್‌ಗಳಲ್ಲಿ ಸುಲಭ.

ಸ್ಲೋ ಮೋಷನ್ ಈಗಿನ ದೊಡ್ಡ ಗೀಳು. ರಿಸಾಲ್ವ್‌ನ ಆಪ್ಟಿಕಲ್ ಫ್ಲೋ ನಡುವಿನ ಫ್ರೇಮ್‌ಗಳನ್ನು ಹುಟ್ಟಿಸಿಕೊಡುತ್ತದೆ ನಿಜ. ಆದರೆ ಕೈಯಲ್ಲಿ ಬರೆದ ಚಿತ್ರದಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ದೊಡ್ಡ ಜಿಗಿತ, ಬಣ್ಣವೋ ಸಪಾಟು, ಹಿಡಿದು ನಡೆಯಲು ಅದಕ್ಕೆ ಗುರುತೇ ಸಿಗದೆ ಗೆರೆಗಳನ್ನು ಕರಗಿಸಿಬಿಡುತ್ತದೆ. ನಕಲು ಫ್ರೇಮ್‌ಗಳನ್ನು ಮೊದಲು ಕಿತ್ತು ಹಾಕಿ ಆಮೇಲೆ ಕೊಟ್ಟರೆ ಪರವಾಗಿಲ್ಲ ಎನ್ನುವಷ್ಟು ಬರುತ್ತದೆ. ಇದಕ್ಕಿಂತ ಮೇಲಿನ ಸ್ಪೀಡ್ ವಾರ್ಪ್ ಬೇಕೆಂದರೆ ದುಡ್ಡು ಕೊಡುವ ಸ್ಟುಡಿಯೊ ಆವೃತ್ತಿಗೆ ಹೋಗಬೇಕು. ನನಗೆ ಕೇಳಿದರೆ ಇದರ ಗೋಜೇ ಬೇಡ. ಮೂರು ಫ್ರೇಮಿಗೊಂದು ಚಿತ್ರದ ಆ ತಡೆತಡೆದ ನಡೆಯೇ ಅನಿಮೆಯ ಚೆಲುವು, ಅದನ್ನು ನುಣ್ಣಗೆ ಉಜ್ಜಿದರೆ ಏಟಿನ ಬಿಸಿಯೇ ಆರಿಹೋಗುತ್ತದೆ.

ಫೋನನ್ನು ಇಷ್ಟು ಹೊತ್ತು ಹಳಿದದ್ದಾಯಿತು, ಅದು ಗೆದ್ದದ್ದನ್ನೂ ಹೇಳಬೇಕು. ಚಿತ್ರವನ್ನು ಹಿಗ್ಗಿಸಿ, ಓರೆ ಮಾಡಿ, ಬೀಟಿಗೆ ಝಾಡಿಸಿ ನಿಲ್ಲಿಸುವ ಚಲನೆಯ ವೇಗರೇಖೆಯನ್ನು ಬೆರಳಲ್ಲಿ ಎಳೆದು ತಿದ್ದುವ ಸುಖ ಅಲೈಟ್ ಮೋಷನ್‌ನಲ್ಲಿ ಇದ್ದಂತೆ ಬೇರೆಡೆ ಇಲ್ಲ. ರಿಸಾಲ್ವ್‌ನಲ್ಲಿ ಅದಕ್ಕೆಂದು ಫ್ಯೂಷನ್ ಪುಟ ಹೊಕ್ಕರೆ ಒಂದಕ್ಕೊಂದು ಗೆರೆಯಲ್ಲಿ ಜೋಡಿಸಬೇಕಾದ ನೋಡ್ ಎಂಬ ಡಬ್ಬಿಗಳ ಕಾಡು, ಕಲಿಯಲು ತಾಳ್ಮೆ ಬೇಕು. ಕೆಡೆನ್‌ಲೈವ್‌ನ ನಾನು ಬಳಸಿದ ಆವೃತ್ತಿಯಲ್ಲಿ ಸಿದ್ಧ ಬಗೆಗಳಿಂದ ಆರಿಸಿಕೊಳ್ಳುವುದಷ್ಟೇ ಸಾಧ್ಯವಿತ್ತು. ಹದಿನೈದು ಸೆಕೆಂಡಿನ ತುಣುಕು ಮಾಡುವ ಹುಡುಗರು ಫೋನ್ ಬಿಡದಿರುವುದು ಸುಮ್ಮನೆ ಅಲ್ಲ. ಉಚಿತ ಆವೃತ್ತಿಯ ವಾಟರ್‌ಮಾರ್ಕ್ ಒಂದನ್ನು ಸಹಿಸಿಕೊಳ್ಳಬೇಕು.

ಕೊನೆಯ ಸುತ್ತು ರೆಂಡರ್, ಇಲ್ಲಿ ಅನಿರೀಕ್ಷಿತವಾಗಿ ಕೆಡೆನ್‌ಲೈವ್ ಮುಂದೆ. ಎಕ್ಸ್264ಗೆ ಅನಿಮೇಷನ್‌ಗೆಂದೇ ಒಂದು ಹದ ಇದೆ, ಸಪಾಟು ಬಣ್ಣ ಮತ್ತು ಚೂಪು ಗೆರೆಗಳಿಗೆ ತಕ್ಕದ್ದು. ಕೆಡೆನ್‌ಲೈವ್‌ನ ರೆಂಡರ್ ಆಯ್ಕೆಯಲ್ಲಿ ಅದನ್ನು ನೇರ ಬರೆದುಕೊಡಬಹುದು. ರಿಸಾಲ್ವ್‌ನಿಂದಾದರೆ ಡಿಎನ್‌ಎಕ್ಸ್‌ಎಚ್‌ಡಿಯ ಬಳಗದ್ದೇ ಆದ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಹೊರತೆಗೆದು, ವಿಡಿಯೊ ಬಗೆ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶಕ್ಕೆ ಹಾಕಿ ಅಲ್ಲಿ ಅದೇ ಹದ ಆರಿಸಬೇಕು, ಒಂದು ಹೆಜ್ಜೆ ಹೆಚ್ಚು.

ಈಗ ನನ್ನ ರೂಢಿ ಹೀಗಿದೆ: ದೊಡ್ಡ ಸರಣಿಯಾದರೆ ರಿಸಾಲ್ವ್, ಆ ಒಂದು ಹೆಜ್ಜೆ ಹೆಚ್ಚಾದರೂ ಸರಿ, ಸ್ಮಾರ್ಟ್ ಬಿನ್ ಬಿಡಲಾರೆ. ಒಂದೇ ಸಿನಿಮಾದಿಂದ ಕತ್ತರಿಸುವುದಾದರೆ ಕೆಡೆನ್‌ಲೈವ್, ಎರಡು ಗಂಟೆಯ ಸರಕಿಗೆ ಬಣ್ಣದ ಟ್ಯಾಗ್ ಧಾರಾಳ. ತತ್ವಪದದ್ದು ಕೊನೆಗೆ ಪೂರ್ತಿಯಾದದ್ದು ರಿಸಾಲ್ವ್‌ನಲ್ಲಿ. ಎಲೆಕ್ಟ್ರಾನಿಕ್ ಹಾಡಿನದು ಮೂರರಲ್ಲೂ ಮುಗಿಯಿತು, ಫೋನಿನದಕ್ಕೆ ಮಾತ್ರ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಆರಿಸಿ ಕಳಿಸಬೇಕಾಯಿತು.