ಆರ್-ಎಸ್ ಗುರುತಿಸಲು ಮಾಡೆಲ್ ಕಿಟ್: ಕರಿ ಗುಂಡು ಗಟ್ಟಿ, ಕೆಂಪು ಗುಂಡು ಕಮ್ಮಿ

ಧಾರವಾಡದ ಬಿಎಸ್ಸಿ, ಎಮ್ಮೆಸ್ಸಿ ಹುಡುಗರ ಕೈಯಲ್ಲಿ ಓಡಾಡುವ, ಗುಂಡು-ಕಡ್ಡಿ ಜೋಡಿಸಿ ಅಣುವಿನ ಮಾದರಿ ಕಟ್ಟುವ, ಕಂಪನಿಯ ಹೆಸರೂ ಇಲ್ಲದ ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆ ಇದು. ನಾಲ್ಕು ಬೇರೆ ಬೇರೆ ಗುಂಪು ಅಂಟಿದ ಕಾರ್ಬನ್ನೇ ಕೈರಲ್ ಕಾರ್ಬನ್. ಆ ಗುಂಪುಗಳು ಕನ್ನಡಿ ಬಿಂಬದಂಥ ಎರಡು ಜೋಡಣೆಗಳಲ್ಲಿ ಯಾವುದರಲ್ಲಿವೆ ಎಂದು ಹೇಳುವ ಗುರುತು ಆರ್ ಅಥವಾ ಎಸ್. ಒಂದೇ ಕೈರಲ್ ಕಾರ್ಬನ್ ಇದ್ದರೆ ಸಾಕಾಗುತ್ತದೆ, ಎರಡಾದರೆ ಸಾಲದು.

ಕರಿ ಗುಂಡಿನ (ಕಾರ್ಬನ್) ನಾಲ್ಕು ತೂತುಗಳನ್ನು 109.5 ಡಿಗ್ರಿಗೆ ಸರಿಯಾಗಿ ಕೊರೆದಿದ್ದಾರೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿ, ಬಿಳಿ ಗುಂಡನ್ನು (ಹೈಡ್ರೋಜನ್) ಕೆಳಗೆ ಮಾಡಿ ಮೇಲಿನಿಂದ ನೋಡಿ. ಓಎಚ್, ಸಿಓಓಎಚ್, ಮೀಥೈಲ್ ಈ ಆದ್ಯತೆಯ ಕ್ರಮದಲ್ಲಿ (ಅಂಟಿದ ಪರಮಾಣುವಿನ ಸಂಖ್ಯೆ ದೊಡ್ಡದಾದರೆ ಮೊದಲು) ಬೆರಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದರೆ ಆರ್, ವಿರುದ್ಧ ತಿರುಗಿದರೆ ಎಸ್. ಫಿಶರ್ ಚಿತ್ರ (ಅಣುವನ್ನು ಅಡ್ಡ-ಉದ್ದ ಗೆರೆಗಳಲ್ಲಿ ಬರೆದದ್ದು) ನೋಡಿ ಕಟ್ಟುವಾಗ ಅಡ್ಡಗೆರೆಯ ಗುಂಪುಗಳು ನಿಮ್ಮ ಕಡೆ ಬಾಗಿರಬೇಕು. ಅದನ್ನು ಮರೆತರೆ ಉತ್ತರ ತಲೆಕೆಳಗು.

ಕಡ್ಡಿಗಳು ಮಾತ್ರ ನಾಲ್ಕು ದಿನಕ್ಕೇ ಸಡಿಲ. ಎರಡು ಗುಂಪು ಕಳಚಿಬಿದ್ದು, ಗಡಿಬಿಡಿಯಲ್ಲಿ ಒಂದರ ತೂತಿಗೆ ಇನ್ನೊಂದನ್ನು ಸಿಕ್ಕಿಸಿದರೆ ಆರ್ ಇದ್ದದ್ದು ಎಸ್ ಆಗಿ ಕೂರುತ್ತದೆ. ಕಡ್ಡಿಯ ತುದಿಗೆ ನಳದವರು ಬಳಸುವ ಬಿಳಿ ಟೇಪನ್ನು ಒಂದು ಸುತ್ತು ಸುತ್ತಿದರೆ ಬಿಗಿಯಾಗುತ್ತದೆ.

ಬಣ್ಣ ನೋಡಿ ಆದ್ಯತೆ ಹೇಳಲು ಹೋಗಬೇಡಿ. ಎಲ್-ಸಿಸ್ಟೀನ್‌ನಲ್ಲಿ (ಒಂದು ಅಮೈನೋ ಆಮ್ಲ) ನೈಟ್ರೋಜನ್ ಮೊದಲು. ಆಮೇಲೆ ಎರಡೂ ಕಡೆ ಕರಿ ಗುಂಡೇ, ಹಾಗಾಗಿ ಅದರ ಆಚೆ ನೋಡಬೇಕು: ಸಿಓಓಎಚ್ ಕಡೆ ಓ, ಓ, ಓ, ಇನ್ನೊಂದು ಕಡೆ ಎಸ್ (ಇಲ್ಲಿ ಗಂಧಕ), ಎಚ್, ಎಚ್. ಪರಮಾಣು ಸಂಖ್ಯೆ ಕೂಡಿಸಿದರೆ 24ಕ್ಕೆ 18, ಅಲ್ಲೇ ಬಹಳ ಮಂದಿ ಎಡವುವುದು. ಕೂಡಿಸುವಂತಿಲ್ಲ, ಮೊದಲ ವ್ಯತ್ಯಾಸದಲ್ಲೇ ಗಂಧಕ ಗೆಲ್ಲುತ್ತದೆ. ಅದಕ್ಕೇ ಎಲ್-ಸೆರೀನ್ ಎಸ್ ಆದರೂ ಎಲ್-ಸಿಸ್ಟೀನ್ ಆರ್. ಸಿಓಓಎಚ್‌ನಲ್ಲಿ ಕೆಂಪು ಗುಂಡು (ಆಮ್ಲಜನಕ) ಎರಡೇ ಕಾಣುತ್ತವೆ. ಜೋಡಿ ಬಂಧದ ಆಮ್ಲಜನಕವನ್ನು ಎರಡು ಸಲ ಎಣಿಸುವುದು ನಿಮ್ಮ ತಲೆಯ ಕೆಲಸ, ಕಿಟ್‌ನದ್ದಲ್ಲ. ಧ್ರುವೀಕೃತ ಬೆಳಕನ್ನು ಯಾವ ಕಡೆ ತಿರುಗಿಸುತ್ತದೆ ಎನ್ನುವ ಪ್ಲಸ್-ಮೈನಸ್ ಚಿಹ್ನೆಯನ್ನೂ ಇದು ಹೇಳದು, ಅದಕ್ಕೆ ಪೋಲಾರಿಮೀಟರ್ರೇ ಬೇಕು.

ನಿಜವಾದ ಕೊರತೆ ಗೊತ್ತಾಗುವುದು ಎರಡು ಕೈರಲ್ ಕಾರ್ಬನ್ (2 ಮತ್ತು 3ನೇದು) ಇರುವ ಟಾರ್ಟಾರಿಕ್ ಆಸಿಡ್‌ಗೆ ಬಂದಾಗ. ಹುಣಸೆಹಣ್ಣಿನಲ್ಲಿರುವುದು 2ಆರ್,3ಆರ್. ಅದರ ಪಕ್ಕಕ್ಕೆ 2ಆರ್,3ಎಸ್ ಇರುವ ಮೀಸೋ ರೂಪ ಕಟ್ಟಿ ನಡುವಿನ ಬಂಧ ತಿರುಗಿಸಿದರೆ, ಮೀಸೋದ ಎರಡು ಅರ್ಧಗಳು ಕನ್ನಡಿಯಂತೆ ಎದುರಾಗುತ್ತವೆ. ಹುಣಸೆಯದನ್ನು ಎಷ್ಟು ತಿರುಗಿಸಿದರೂ ಹಾಗಾಗದು. ಎರಡನ್ನೂ ಒಟ್ಟಿಗೆ ಇಡಲು ಕರಿ 8, ಕೆಂಪು 12, ಬಿಳಿ 12 ಬೇಕು. ಪೆಟ್ಟಿಗೆಯಲ್ಲಿ ಕೆಂಪು ಇರುವುದು 6. ಓಎಚ್‌ನ ಬಿಳಿ ಗುಂಡು ಬಿಟ್ಟು ಕಟ್ಟಿದರೆ ಬಿಳಿ 4ರಲ್ಲೇ ಮುಗಿಯುತ್ತದೆ, ಕೆಂಪಿಗೆ ಆ ಉಪಾಯವಿಲ್ಲ. ಬಿಡಿ ಗುಂಡು ಸಿಕ್ಕರೆ ಆರು ಹೆಚ್ಚಿಗೆ ತಗೊಳ್ಳಿ. ಸಿಗದಿದ್ದರೆ ರೂಮಿನವರ ಪೆಟ್ಟಿಗೆ ಕೂಡಿಸಿಕೊಳ್ಳಿ.