ಆ ಪೋಕರ್ ಚಾರ್ಟ್ ನಿಮ್ಮ ಫೋನಿಗೂ ಬಂದಿದ್ದರೆ ಇದನ್ನು ಓದಿ

ಗಂಗಾವತಿಯ ಒಂದು ರೈಸ್‌ಮಿಲ್‌ನಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವ ಕೆಲಸ ನನ್ನದು. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು ಚೀಟಿ ಕೊಡೋದು. ಹತ್ತು ಕೆಜಿ ಹೆಚ್ಚುಕಮ್ಮಿ ಆದರೂ ರೈತರು ಬಿಡೋದಿಲ್ಲ, ಬಿಡಲೂಬಾರದು. ಲೆಕ್ಕದಲ್ಲಿ ನಾನು ಗಟ್ಟಿ ಅಂದುಕೊಂಡಿದ್ದೆ. ಅಂಥವನು ಆನ್‌ಲೈನ್ ಪೋಕರ್‌ನಲ್ಲಿ ನಾಲ್ಕು ತಿಂಗಳಿಗೆ 64,000 ರೂಪಾಯಿ ಕಳೆದೆ. ಅದರಲ್ಲಿ 20,000 ಒಂದೇ ರಾತ್ರಿ ಹೋಯಿತು.

ಇದು 2024ರ ಸುಗ್ಗಿಯ ಮಾತು. ಟೆಲಿಗ್ರಾಂ ಗುಂಪೊಂದರಲ್ಲಿ ಒಬ್ಬ 'ಕೋಚ್' ಇದ್ದ. ಹೆಸರು ಬೇಡ. 1,999 ರೂಪಾಯಿ ತಗೊಂಡು ಬಣ್ಣಬಣ್ಣದ ಚೌಕಗಳ ಒಂದು ಚಾರ್ಟ್ ಕಳಿಸಿದ. ಕೈಗೆ ಬಂದ ಎರಡು ಎಲೆ ಹಸಿರು ಚೌಕದಲ್ಲಿದ್ದರೆ ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಬೀಳುವ ಮೊದಲೇ, ಅಂದರೆ ಫ್ಲಾಪ್‌ಗಿಂತ ಮುಂಚೆಯೇ, ಇದ್ದದ್ದೆಲ್ಲ ಆಲ್-ಇನ್. ಕೆಂಪಿನಲ್ಲಿದ್ದರೆ ಫೋಲ್ಡ್, ನಮ್ಮ ಕಡೆ ಪ್ಯಾಕ್ ಅಂತೀವಲ್ಲ, ಅದೇ. ತಲೆ ಓಡಿಸೋ ಕೆಲಸವೇ ಇಲ್ಲ. ಎಕ್ಕದ ಜೊತೆ ಯಾವ ಎಲೆ ಇದ್ದರೂ ಹಸಿರೇ.

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಅಲ್ಲೇ ನಾನು ಮೋಸ ಹೋದದ್ದು. ನಾನು ಆಲ್-ಇನ್ ಅಂದ ತಕ್ಷಣ ಎಲ್ಲರೂ ಫೋಲ್ಡ್ ಮಾಡುತ್ತಿದ್ದರು. ನೂರೈವತ್ತು, ಇನ್ನೂರು ಹಾಗೇ ಬಂದು ಬೀಳುತ್ತಿತ್ತು. ಮಿರ್ಚಿ ಒಗ್ಗರಣಿ ಖರ್ಚು ಹುಟ್ಟುತ್ತಲ್ಲ ಅಂತ ಖುಷಿ.

ಆಮೇಲೆ ಆ ರಾತ್ರಿ. ಹೊರಗೆ ಭತ್ತದ ಟ್ರ್ಯಾಕ್ಟರ್‌ಗಳ ಸಾಲು. ನಾನು ಚೀಟಿ ಕಂತಿಗೆ ಎತ್ತಿಟ್ಟಿದ್ದ ದುಡ್ಡು ಹಾಕಿ 50-100 ಟೇಬಲ್‌ಗೆ ಕೂತಿದ್ದೆ. ಅಂದರೆ ಎಲೆ ನೋಡೋ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ದುಡ್ಡು: ಸಣ್ಣ ಬ್ಲೈಂಡ್ 50, ದೊಡ್ಡ ಬ್ಲೈಂಡ್ 100 ರೂಪಾಯಿ. ನನ್ನ ಮುಂದೆ 10,000, ಪೂರ್ತಿ ನೂರು ಬ್ಲೈಂಡ್. ಮೊದಲು ಮಾತಾಡುವ ಜಾಗದಲ್ಲಿದ್ದವನು 300ಕ್ಕೆ ಏರಿಸಿದ. ನಡುವಿನವರೆಲ್ಲ ಫೋಲ್ಡ್. ನನ್ನ ಕೈಯಲ್ಲಿ ಇಸ್ಪೀಟ್ ಎಕ್ಕ, ಆಟಿನ್ ರಾಜ. ಚಾರ್ಟ್‌ನಲ್ಲಿ ಕಡು ಹಸಿರು. ಹೊರಗೆ ಟ್ರ್ಯಾಕ್ಟರ್‌ನವನು ಒಂದೇ ಸಮನೆ ಹಾರ್ನ್ ಹೊಡೀತಿದ್ದ. ಬಟನ್ ಒತ್ತಿಯೇ ಬಿಟ್ಟೆ. 10,000.

ಎದುರಿನವನು ಒಂದು ಸೆಕೆಂಡ್ ಕೂಡ ಯೋಚಿಸಲಿಲ್ಲ. ಕಾಲ್, ಅಂದರೆ ತಾನೂ ಅಷ್ಟೇ ದುಡ್ಡು ಇಟ್ಟ. ಜೋಡಿ ರಾಜ. ಟೇಬಲ್ ಮೇಲೆ ಏಳು, ನಾಲ್ಕು, ಗುಲಾಮ, ಎರಡು, ಒಂಬತ್ತು ಬಿದ್ದವು. ಎಕ್ಕ ಬರಲೇ ಇಲ್ಲ.

ಸಿಟ್ಟಿಗೆ ಇನ್ನೊಂದು 10,000 ಹಾಕಿದೆ. ಅರ್ಧ ಗಂಟೆಯಲ್ಲಿ ಎಕ್ಕ-ಐದು ಬಂತು, ಅದೂ ಹಸಿರು. ಜೋಡಿ ರಾಣಿ ಇಟ್ಟುಕೊಂಡವನ ಬಾಯಿಗೆ ಅದೂ ಹೋಯಿತು. ಕೋಚ್‌ಗೆ ಮೆಸೇಜ್ ಮಾಡಿದರೆ, "ನಸೀಬು ಬ್ರೋ, ಮುಂದಿನ ಕೋರ್ಸ್ ತಗೊಳ್ರಿ" ಅಂದ.

ನಸೀಬು ಅಲ್ಲ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ನನಗೆ ಅರ್ಥವಾಗೋಕೆ ತಿಂಗಳುಗಟ್ಟಲೆ ಬೇಕಾಯಿತು.

ಆ ರಾತ್ರಿ ಎಲ್ಲರೂ ಫೋಲ್ಡ್ ಮಾಡಿದ್ದರೆ ನನಗೆ ಸಿಗುತ್ತಿದ್ದದ್ದು ಎಷ್ಟು? ಅವನ 300, ಬ್ಲೈಂಡ್‌ಗಳ 150. ಒಟ್ಟು 450. ಅದಕ್ಕಾಗಿ 10,000 ಒಡ್ಡಿದ್ದೆ. ಹೀಗೆ 22 ಸಲ ಗೆದ್ದರೂ 9,900, ಒಂದು ಸೋಲು ಮುಚ್ಚೋಕೆ ಸಾಲೋದಿಲ್ಲ. ಇನ್ನು ನೂರು ಬ್ಲೈಂಡ್ ಆಲ್-ಇನ್‌ಗೆ ಕಾಲ್ ಮಾಡೋರು ಯಾರು? ಎಕ್ಕ-ಹತ್ತು, ಜೋಡಿ ಆರು ಇದ್ದವರು ಬಿಟ್ಟು ಹೋಗ್ತಾರೆ. ನಿಲ್ಲೋರು ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ, ಇಲ್ಲಾ ನಮ್ಮದೇ ಎಕ್ಕ-ರಾಜ ಇದ್ದವರು. ನನ್ನ ಇಸ್ಪೀಟ್-ಆಟಿನ್ ಹಾಗೆ ಬೇರೆ ಬೇರೆ ಗುರುತಿನ ಎಕ್ಕ-ರಾಜ ಜೋಡಿ ರಾಣಿಯ ಎದುರು ನೂರಕ್ಕೆ ಸುಮಾರು 43 ಸಲ ಗೆಲ್ಲುತ್ತೆ. ಜೋಡಿ ರಾಜನ ಎದುರು 30. ಜೋಡಿ ಎಕ್ಕದ ಎದುರು 7. ಸೋಲೋರನ್ನೆಲ್ಲ ನಾನೇ ಓಡಿಸಿ, ಗೆಲ್ಲೋರನ್ನು ಮಾತ್ರ ಕೂರಿಸಿಕೊಂಡು ಆಡಿದ ಹಾಗಾಯ್ತು.

ಸುಮ್ನೆ 900, 1,000ಕ್ಕೆ ಏರಿಸಿದ್ದರೆ ಸಾಕಿತ್ತು. ಅವನು ತಿರುಗಿ 2,500 ಅಂದಿದ್ದರೆ ಅಲ್ಲಿ ನಿಂತು ಯೋಚನೆ ಮಾಡೋಕೆ ಜಾಗ ಇರುತ್ತಿತ್ತು. ಬೇಡ ಅನಿಸಿದ್ದರೆ ಸಾವಿರಕ್ಕೆ ಮುಗೀತಿತ್ತು.

ಹಾಗಾದರೆ ಚಾರ್ಟ್ ಸುಳ್ಳಾ? ಇಲ್ಲ, ಅದೇ ತಮಾಷೆ. ಚಾರ್ಟ್ ಸರಿಯಾಗಿಯೇ ಇತ್ತು, ಆದರೆ ಬೇರೆ ಆಟದ್ದು. ಬೇರೆ ಕಡೆ ಅದರ ಪೂರ್ತಿ ಚಿತ್ರ ಸಿಕ್ಕಿತು. ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಟೂರ್ನಮೆಂಟ್, 10 ಬ್ಲೈಂಡ್, ನಿಮಗಿಂತ ಮೊದಲಿನವರೆಲ್ಲ ಫೋಲ್ಡ್ ಮಾಡಿದಾಗ. ಟೂರ್ನಮೆಂಟ್‌ನಲ್ಲಿ ಬ್ಲೈಂಡ್ ಏರುತ್ತಾ ಹೋಗುತ್ತೆ. ನಿಮ್ಮ ಹತ್ತಿರ ಹತ್ತೇ ಬ್ಲೈಂಡ್ ಉಳಿದಾಗ ಕಾಯ್ತಾ ಕೂತರೆ ಅದೇ ನಿಮ್ಮನ್ನು ತಿಂದುಹಾಕುತ್ತೆ. ಸಣ್ಣದು, ದೊಡ್ಡದು ಸೇರಿ ಒಂದೂವರೆ ಬ್ಲೈಂಡ್ ಬಂದರೂ ಅದು ನಿಮ್ಮ ರಾಶಿಯ ಏಳನೇ ಒಂದು ಭಾಗದಷ್ಟು. ಅಲ್ಲಿ ಆಲ್-ಇನ್ ಇಲ್ಲವೇ ಫೋಲ್ಡ್ ಅನ್ನೋದು ಸರಿ. ನಾನು ಕೂತದ್ದು ಕ್ಯಾಶ್ ಟೇಬಲ್, ಅಲ್ಲಿ ಬ್ಲೈಂಡ್ ಏರೋದೇ ಇಲ್ಲ. ಅದರ ಮೇಲೆ, ನನಗಿಂತ ಮೊದಲೇ ಒಬ್ಬ 300 ಇಟ್ಟು 'ನನ್ನ ಕೈ ಚೆನ್ನಾಗಿದೆ' ಅಂತ ಹೇಳಿದ್ದ. ಕೋಚ್ ಕಳಿಸಿದ ಚಿತ್ರದಲ್ಲಿ ಆ ಮೇಲಿನ ಸಾಲೇ ಕತ್ತರಿಸಿ ಹೋಗಿತ್ತು. ಬೇಕಂತಲೇ ಕತ್ತರಿಸಿದನೋ, ಅವನಿಗೇ ಗೊತ್ತಿರಲಿಲ್ಲವೋ! ಎರಡನೆಯದೇ ಇರಬೇಕು ಅಂತ ನನ್ನ ಗುಮಾನಿ.

ಆಗ ತೆರಿಗೆ ಬೇರೆ ಇತ್ತು. 2023ರ ಅಕ್ಟೋಬರ್‌ನಿಂದ ಹಾಕಿದ ದುಡ್ಡಿನ ಮೇಲೇ 28% ಜಿಎಸ್‌ಟಿ, ಗೆದ್ದು ತೆಗೆದರೆ 30% ಟಿಡಿಎಸ್, ಪ್ರತಿ ಆಟದಲ್ಲಿ ಆ್ಯಪ್‌ನವರ ಕಡಿತ. ಚೆನ್ನಾಗಿ ಆಡೋರಿಗೇ ಉಳಿಯೋದು ಕಷ್ಟವಿತ್ತು, ಇನ್ನು ನನ್ನಂಥವನ ಮಾತೇನು.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಕಾನೂನು ಪಾಸು ಮಾಡಿತು. ಕೌಶಲದ ಆಟ, ನಸೀಬಿನ ಆಟ ಅನ್ನೋ ಭೇದ ಅದರಲ್ಲಿಲ್ಲ. ದೊಡ್ಡ ಆ್ಯಪ್‌ಗಳು ದುಡ್ಡಿನ ಟೇಬಲ್ ಮುಚ್ಚಿದವು. ಇನ್ನು ಈ ಕಥೆ ಯಾಕೆ ಅಂತ ನಾನೂ ಅಂದುಕೊಂಡಿದ್ದೆ.

ಮೊನ್ನೆ ನಮ್ಮ ಮಿಲ್‌ನಲ್ಲಿ ಹೊಸದಾಗಿ ಸೇರಿದ ಹುಡುಗ ಪಕ್ಕದಲ್ಲಿ ಬಂದು ಕೂತ. ಕಾರಟಗಿ ಕಡೆಯವನು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್‌ನಿಂದ ಯಾವುದೋ 'ಕ್ಲಬ್' ಸೇರಿದ್ದಾನೆ. ದುಡ್ಡು ಒಬ್ಬ ಏಜೆಂಟ್‌ಗೆ ಯುಪಿಐ ಮಾಡೋದು, ಅವನು ಚಿಪ್ಸ್ ಹಾಕೋದು. ಗೆದ್ದರೆ ಅವನು ಮನಸ್ಸು ಮಾಡಿ ವಾಪಸ್ ಕಳಿಸಬೇಕು. ಕಳಿಸದಿದ್ದರೆ? ಫೋನ್ ನಂಬರ್ ಬಿಟ್ಟು ಅವನ ಬಗ್ಗೆ ಈ ಹುಡುಗನಿಗೆ ಏನೂ ಗೊತ್ತಿಲ್ಲ.

"ಅಣ್ಣಾ, ನೀವು ಮೊದ್ಲು ಆಡ್ತಿದ್ರಂತಲ್ಲ, ಇದನ್ನ ನೋಡ್ರಿ. ಹಸಿರು ಬಂದ್ರ ಸಾಕು," ಅಂತ ಫೋನ್ ಮುಂದೆ ಹಿಡಿದ.

ಅದೇ ಬಣ್ಣ, ಅದೇ ಚೌಕ. ಬೆರಳಿಂದ ಮೇಲಕ್ಕೆ ಸರಿಸಿ ನೋಡಿದೆ. ಮೇಲಿನ ಸಾಲು ಇರಲಿಲ್ಲ.

"ಎಷ್ಟು ಬ್ಲೈಂಡಿಂದೋ ಇದು?" ಅಂದೆ.

"ಅಂದ್ರ ಏನ್ರಿ ಅಣ್ಣಾ?" ಅಂದ.